ಹದಿಮೂರರಲ್ಲಿ ನಮ್ಮವು ಒಂಬತ್ತು

ಅವ್ವನ ಸೂಜಿ ಬಟ್ಟೆಯೊಳಗೆ ಇಳಿಯಿತು, ಮತ್ತೆ ಮೇಲೆ ಬರಲಿಲ್ಲ. ಹನ್ನೊಂದು ಹೆಂಗಸರು ಹನ್ನೊಂದು ಮನೆಗಳಲ್ಲಿ ಪರದೆ ನೋಡುತ್ತ ಕಾದರು. ಪಡಸಾಲೆಯಲ್ಲಿ ಅವ್ವ ಮಾತಾಡುತ್ತಲೇ ಇದ್ದಳು, ಹೊಲಿಯುತ್ತಲೇ ಇದ್ದಳು. ಒಳಕೋಣೆಯಲ್ಲಿ ಕೂತು ನಾನು ನೋಡುತ್ತಿದ್ದ ಫೋನಿನಲ್ಲಿ ಮಾತ್ರ ಅವಳು ಬಾಯಿ ಅರ್ಧ ತೆರೆದು ಕಲ್ಲಾಗಿದ್ದಳು. ಎಷ್ಟೋ ಹೊತ್ತಿನ ಮೇಲೆ ಚಿತ್ರ ಒಮ್ಮೆ ಜಿಗಿಯಿತು. ಅಷ್ಟರಲ್ಲಿ ಅವಳು ಗವಂತಿಯ ಒಂದು ಸಾಲು ಮುಗಿಸಿ ದಾರ ಕತ್ತರಿಸಿಯೂ ಆಗಿತ್ತು.

ಗವಂತಿ ಅಂದರೆ ಕಸೂತಿಯ ಮೊದಲ ಹೊಲಿಗೆ. ಎಳೆ ಎಣಿಸುತ್ತ, ನಡುನಡುವೆ ಜಾಗ ಬಿಡುತ್ತ ಸೂಜಿ ಮುಂದೆ ಹೋಗುತ್ತದೆ. ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ಬರುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆ ಮಗುಚಿದರೂ ಅದೇ ಚಿತ್ರ ಕಾಣಬೇಕು. ಇದನ್ನು ಬಾಯಿಮಾತಿನಲ್ಲಿ ಕಲಿಸಲು ಬರುವುದಿಲ್ಲ, ಕೈ ನೋಡಿಯೇ ಕಲಿಯಬೇಕು. ಅವ್ವ ಧಾರವಾಡದಲ್ಲಿ ತನ್ನ ಸೋದರತ್ತೆಯ ಕೈ ನೋಡಿ ಕಲಿತವಳು. ಅಪ್ಪನಿಗೆ ಇಲ್ಲಿ, ಹೈದರಾಬಾದಿನ ಕುಷಾಯಿಗೂಡದ ಪಕ್ಕದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ ಎಂದು ಬಂದ ಮೇಲೆ, ಆ ಕೈಯನ್ನು ಇಷ್ಟು ವರ್ಷ ಯಾರೂ ನೋಡಲು ಕೇಳಿರಲಿಲ್ಲ. ಹೋದ ವರ್ಷ ಅಪ್ಪನ ಗೆಳೆಯರೊಬ್ಬರ ಸೊಸೆ "ಆನ್‌ಲೈನ್ ಕಲಸ್ರಿ ಅತ್ತಿ" ಅಂದಳು. ಅಂದಿನಿಂದ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು, ಟ್ಯಾಬಿನ ಮುಂದೆ ಕೂತು ಟೀಚರ್ ಆಗುತ್ತಿದ್ದಳು.

ಆ ಶನಿವಾರಕ್ಕೆ ಚಿತ್ರ ನಿಲ್ಲಲು ಶುರುವಾಗಿ ನಾಲ್ಕು ವಾರ. ಕ್ಲಾಸ್ ಮುಗಿದ ಹತ್ತು ನಿಮಿಷಕ್ಕೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: "ಟೀಚರ್, ಬೇಜಾರು ಮಾಡ್ಕೋಬೇಡಿ. ಮುಂದಿನ ಶನಿವಾರವೂ ಹೀಗೇ ಆದರೆ ನಾವು ಬೇರೆ ಕಡೆ ನೋಡ್ಕೊಳ್ತೀವಿ." ಅದರ ಕೆಳಗೆ ಒಪ್ಪಿಗೆಯ ಆರು ಹೆಬ್ಬೆರಳು.

ಅವ್ವ ಅದನ್ನು ಎರಡು ಸಲ ಓದಿದಳು. "ಅವ್ರ ಮಾತೂ ಖರೇನ ಐತಿ. ಮುಂದಿನ ಶನಿವಾರ ಆಗಲಿಲ್ಲಂದ್ರ ನಾನಾ ಬಿಡ್ತೀನಿ. ಮಂದಿಗೆ ಯಾಕ ಬ್ಯಾಸರ?"

ನನಗೆ ಆರು ದಿನ ಇತ್ತು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಯಾವ ಪಕ್ಷ ಕೊಟ್ಟರೂ ವಾದಿಸುತ್ತಿದ್ದೆ, ಹೆಚ್ಚಾಗಿ ಗೆಲ್ಲುತ್ತಿದ್ದೆ. ಎದುರಿನವರು ಏನು ಹೇಳಿದರೂ ಪುರಾವೆ ಕೇಳುವುದು ಎಷ್ಟು ರೂಢಿಯಾಗಿತ್ತೆಂದರೆ, "ಇಕಿ ಮುಂದ ಬಿಸಲೈತಿ ಅನ್ನಬೇಕಂದ್ರೂ ಇಬ್ಬರು ಸಾಕ್ಷಿ ಬೇಕು" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ಸೋಮವಾರ ನೆಟ್ ಕಂಪನಿಯವನು ಬಂದು, ತಂತಿ ಅಲ್ಲಾಡಿಸಿ, "ಲೈನ್ ಬಾಗಾನೇ ಉಂದಿ ಮೇಡಮ್" ಎಂದು ತೆಲುಗಿನಲ್ಲಿ ಹೇಳಿ ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಲೈನ್ ಚೆನ್ನಾಗಿದ್ದರೆ ಚಿತ್ರ ಯಾಕೆ ನಿಲ್ಲುತ್ತದೆ? ಅವನು ನಿಟ್ಟುಸಿರುಬಿಟ್ಟು ನನ್ನ ಲ್ಯಾಪ್‌ಟಾಪಿನಲ್ಲಿ ರೂಟರಿನ ಪುಟ ತೆರೆದ. ಒಳಗೆ ಹೋಗಲು ಬೇಕಾದ ಹೆಸರು, ಪಾಸ್‌ವರ್ಡ್ ಎರಡೂ ಒಂದೇ ಪದ, ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೇ ಅಚ್ಚಾಗಿತ್ತು. ಪುಟದಲ್ಲಿ ಒಂದು ಪಟ್ಟಿ. ನಮ್ಮ ವೈ-ಫೈಗೆ ಆ ಹೊತ್ತಿನಲ್ಲಿ ಸೇರಿಕೊಂಡಿರುವ ಸಾಧನಗಳು: ಹದಿಮೂರು.

ಮನೆಯಲ್ಲಿ ಇರುವವರು ಮೂರು ಜನ.

ಸಂಜೆ ಅಪ್ಪ ವಾಕಿಂಗ್ ಮುಗಿಸಿ ಚಪ್ಪಲಿ ಬಿಡುವಷ್ಟರಲ್ಲಿ ನಾನು ವಿಷಯ ಮಂಡಿಸಿಬಿಟ್ಟೆ. "ಅಪ್ಪಾ, ನಮ್ಮ ವೈ-ಫೈ ಯಾರೋ ಕದಿಯಾಕತ್ತಾರ."

"ಎಷ್ಟು ಮಂದಿ?"

"ಹತ್ತು. ಹದಿಮೂರರಾಗ ನಾವು ಮೂರು ತೆಗೀರಿ."

"ನಾವು ಮೂರು ಮಂದಿ. ನಮ್ಮ ಸಾಮಾನು ಎಷ್ಟು? ಎಣಿಸೀ ಏನು?"

ಎಣಿಸಿರಲಿಲ್ಲ. ಅಪ್ಪ ನಿವೃತ್ತರಾಗುವವರೆಗೂ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವರು. ಅಲ್ಲಿ ಪರೀಕ್ಷೆಯಾದ ಪ್ರತಿ ಪೆಟ್ಟಿಗೆಗೂ ದಾರದಲ್ಲಿ ಕಟ್ಟಿದ ಒಂದು ಚೀಟಿ: ಏನು, ಯಾವಾಗ ನೋಡಿದ್ದು, ಯಾರು ನೋಡಿದ್ದು. ಚೀಟಿ ಇಲ್ಲದ ವಸ್ತು ಲೆಕ್ಕಕ್ಕೇ ಇಲ್ಲ. ಮನೆಗೆ ಬಂದ ಮೇಲೂ ಆ ಚಟ ಬಿಟ್ಟಿರಲಿಲ್ಲ. ನಮ್ಮ ಉಪ್ಪಿನಕಾಯಿ ಜಾಡಿಗೂ ಅಪ್ಪನ ಸಹಿ ಇದೆ. ಅವತ್ತು ಪಟ್ಟಿ ನೋಡಲು ನನ್ನ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಮನೆಯ ಎಲ್ಲವನ್ನೂ ಆರಿಸಿ, ಒಂದೊಂದೇ ಹಚ್ಚಿ, ಪಟ್ಟಿಯಲ್ಲಿ ಯಾವ ಸಾಲು ಹೊಸದಾಗಿ ಮೂಡಿತು ಎಂದು ನೋಡಿ, ಅದರ ಮೇಲೆ ಸಂಖ್ಯೆ ಬರೆದ ಚೀಟಿ ಅಂಟಿಸಿದೆವು. ಮೂರು ಫೋನು. ನನ್ನ ಲ್ಯಾಪ್‌ಟಾಪ್. ಅವ್ವನ ಟ್ಯಾಬ್. ಟಿವಿ. ಪ್ರಿಂಟರ್. ದೇವರ ಕೋಣೆಯಲ್ಲಿ ಬೆಳಿಗ್ಗೆ ಸುಪ್ರಭಾತ ಹಾಡುವ ಅಪ್ಪನ ಹಳೇ ಫೋನು. ಎಂಟು. ಒಂಬತ್ತನೆಯದು ಯಾವುದೆಂದು ತಿಳಿಯದೆ ಒದ್ದಾಡುತ್ತಿರುವಾಗ ಅವ್ವ ಬಟ್ಟೆ ಒಗೆಯುವ ಯಂತ್ರ ಹಚ್ಚಿದಳು, ಸಾಲು ಮೂಡಿತು.

"ಇದಕ್ಕ್ಯಾಕ ಇಂಟರ್ನೆಟ್?" ಅಂದೆ.

"ಬಚ್ಚಲದಾಗ ಒಂದಾ ಇರ್ತೈತಿ, ಬ್ಯಾಸರ ಬರ್ತಿರಬೇಕು" ಅಂದಳು ಅವ್ವ.

ನಮ್ಮವು ಒಂಬತ್ತು. ಉಳಿದವು ನಾಲ್ಕು. ಹೆಸರಿಲ್ಲ, ಬರೀ ಅಕ್ಷರ, ಅಂಕಿ. ನಾವು ಎಲ್ಲವನ್ನೂ ಆರಿಸಿದಾಗಲೂ ಅವು ಕದಲದೆ ಕೂತಿದ್ದವು. ಅಪ್ಪ ಕನ್ನಡಕ ತೆಗೆದು ಒರೆಸಿದರು. "ಆತು, ನಿನ್ನ ವಾದ ಅರ್ಧಕ್ಕಿಂತ ಕಡಿಮಿ ಗೆದ್ದೈತಿ. ಆದ್ರ ಗೆದ್ದೈತಿ."

ಮಂಗಳವಾರ ಬೆಳಿಗ್ಗೆ ಪಾಸ್‌ವರ್ಡ್ ಬದಲಿಸಿದೆ. ಹಳೆಯದು ನಮ್ಮ ಮನೆ ನಂಬರು ಮತ್ತು ಅಪ್ಪ ಹುಟ್ಟಿದ ವರ್ಷ; ಗೇಟಿನ ಮೇಲಿನ ಫಲಕ ಓದಬಲ್ಲ, ಅಪ್ಪನ ಕೂದಲು ನೋಡಿ ವಯಸ್ಸು ಅಂದಾಜು ಮಾಡಬಲ್ಲ ಯಾರಿಗಾದರೂ ಸಿಗುವಂಥದ್ದು. ಹೊಸದಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಪದ ಪೋಣಿಸಿದೆ, ಒನಕೆ, ರೈಲು, ಬದನೆ, ಭೂಗೋಳದಂಥವು, ಮಧ್ಯೆ ಅಂಕಿ ಸಿಕ್ಕಿಸಿ. ಮನೆಯ ಒಂಬತ್ತೂ ಕಳಚಿಬಿದ್ದವು; ಒಂದೊಂದನ್ನೇ ಹಿಡಿದು ಮತ್ತೆ ಒಳಗೆ ಕರೆದೆ. ಅಪ್ಪ, ಅವ್ವ ಇಬ್ಬರಿಂದಲೂ ಮಾತು ತೆಗೆದುಕೊಂಡೆ: ಯಾರಿಗೂ ಹೇಳಬಾರದು, ಊಟಕ್ಕೆ ಬಂದವರಿಗೂ. ಆ ದಿನವಿಡೀ ನಾನು ನೆಲದ ಮೇಲೆ ನಡೆದ ನೆನಪಿಲ್ಲ.

ಬುಧವಾರ ಪಟ್ಟಿ ತೆರೆದೆ. ಹದಿಮೂರು. ಆ ನಾಲ್ಕೂ ಅಲ್ಲೇ.

ಇಲ್ಲಿ ನನ್ನ ತರ್ಕ ಎಷ್ಟು ಚುರುಕಾಗಿ ಓಡಿತು, ಎಷ್ಟು ತಪ್ಪಾಗಿ ಓಡಿತು ನೋಡಿ. ಪಾಸ್‌ವರ್ಡ್ ಗೊತ್ತಿರುವುದು ಮೂವರಿಗೆ. ನಾನು ಹೇಳಿಲ್ಲ. ಅಪ್ಪನಿಗೆ ಫೋನಿನಲ್ಲಿ ಮಾತಾಡುವುದೇ ಕಷ್ಟ. ಉಳಿದವಳು ಅವ್ವ, ಕೇಳಿದವರಿಗೆ ಸಕ್ಕರೆ, ಮೊಸರಿನ ಹೆಪ್ಪು, ಕರಿಬೇವು, ತನ್ನ ಛತ್ರಿ ಎಲ್ಲ ಕೊಡುವವಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ. "ಅವ್ವಾ, ಖರೆ ಹೇಳು. ಪಾಸ್‌ವರ್ಡ್ ಯಾರಿಗೆ ಕೊಟ್ಟಿ?"

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಆ ನಿನ್ನ ಒನಕಿ, ಬದನಿಕಾಯಿ ನನಗಾ ನೆನಪಿಲ್ಲ. ಮಂದಿಗೆ ಏನಂತ ಹೇಳ್ಲಿ?"

ಅವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ ಬೆನ್ನು ತಿರುಗಿಸಿದಳು. "ಶನಿವಾರದ ಚಿಂತಿ ಬಿಡು. ನಾ ಅವ್ರಿಗೆ ಹೇಳಿಬಿಡ್ತೀನಿ, ಬ್ಯಾರೆ ಟೀಚರ್ ನೋಡ್ಕೋರಿ ಅಂತ."

"ಗುರುವಾರ, ಶುಕ್ರವಾರ ಇನ್ನೂ ಅದಾವ" ಅಂದೆ.

ಗುರುವಾರ ಹೊಸ ಆರೋಪಿ. ಮೇಲಿನ ಮನೆಯಲ್ಲಿ ಮೈಸೂರು ಕಡೆಯ ಹುಡುಗ, ಐಟಿ ಕಂಪನಿಯವನು, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಕಂಪ್ಯೂಟರ್ ಬಲ್ಲವನು, ನಮ್ಮ ರೂಟರಿನ ನೆತ್ತಿಯ ಮೇಲೇ ಮಲಗುವವನು. ಬಾಗಿಲು ಬಡಿದೆ.

"ಬನ್ನಿ ಬನ್ನಿ. ಆಂಟಿ ರೊಟ್ಟಿ ಕಳ್ಸಿದ್ರಾ?"

"ಇಲ್ಲ, ನಾ ಪ್ರಶ್ನೆ ತಂದೀನಿ. ನಮ್ಮ ವೈ-ಫೈ ಎಷ್ಟು ದಿನದಿಂದ ಬಳಸಾಕತ್ತೀರಿ?"

ಅವನು ಬಾಗಿಲಿಗೆ ಒರಗಿ ನಿಂತ. "ಪ್ರಶ್ನೇಲೇ ತೀರ್ಪು ಬರ್ಕೊಂಡು ಬಂದಿದೀರಲ್ಲ. 'ಬಳಸ್ತೀರಾ' ಅಂತ ಮೊದ್ಲು ಕೇಳಬೇಕಲ್ವಾ?"

ಮೊದಲ ವರ್ಷದವರು ಮಾಡುವ ತಪ್ಪು ಅದು, ಸಾಬೀತಾಗದ್ದನ್ನು ಪ್ರಶ್ನೆಯೊಳಗೆ ಅಡಗಿಸುವುದು. ಅದಕ್ಕಾಗಿ ನಾನೇ ಎಷ್ಟೋ ಜನರ ಕಿವಿ ಹಿಂಡಿದ್ದೇನೆ. ಅವನು ಗೋಡೆಯ ಮೇಲಿನ ತನ್ನ ರೂಟರ್ ತೋರಿಸಿದ. "ನಿಮ್ದಕ್ಕಿಂತ ಡಬಲ್ ಸ್ಪೀಡು. ಕದಿಯೋದಾದ್ರೆ ನೀವು ನಮ್ದನ್ನ ಕದೀಬೇಕು."

ವಾಪಸು ಇಳಿಯಬೇಕಿತ್ತು. ಆದರೆ ಸೋತ ಮೇಲೆ ಎದುರಾಳಿಯ ಟಿಪ್ಪಣಿ ಕೇಳಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಎಲ್ಲ ಹೇಳಿದೆ. ಅವನು ಕೇಳಿದ್ದು ಎರಡೇ ಪ್ರಶ್ನೆ.

"ಟಿವಿ ನಿಲ್ಲುತ್ತಾ?"

"ಇಲ್ಲ. ಅಪ್ಪ ಒಂದಾದ ಮ್ಯಾಲೊಂದು ಸಿನಿಮಾ ನೋಡ್ತಾರ."

"ಆಂಟಿ ಕ್ಲಾಸಲ್ಲಿ ಬೇರೆಯವರ ಮುಖ ನಿಲ್ಲುತ್ತಾ, ಆಂಟಿ ಮುಖ ನಿಲ್ಲುತ್ತಾ?"

"ಅವ್ವಂದಷ್ಟ" ಅಂದೆ, ಅಂದ ಮೇಲೆ ಹೊಳೆಯಿತು. ಅವ್ವನ ಟ್ಯಾಬಿನಲ್ಲಿ ಹನ್ನೊಂದು ಹೆಂಗಸರೂ ಸರಾಗವಾಗಿ ಕಾಣುತ್ತಿದ್ದರು, ಒಬ್ಬಳ ಹಿಂದೆ ಕುಕ್ಕರ್ ಕೂಗುವುದೂ ಕೇಳುತ್ತಿತ್ತು. ನಿಲ್ಲುತ್ತಿದ್ದದ್ದು ನಮ್ಮಿಂದ ಹೊರಗೆ ಹೋಗುವ ಚಿತ್ರ ಮಾತ್ರ. ಒಳಗೆ ಬರುವ ದಾರಿ ಖಾಲಿ ಇದೆ, ಹೊರಗೆ ಹೋಗುವ ದಾರಿಯಲ್ಲಿ ಯಾರೋ ತುಂಬಿಕೊಂಡಿದ್ದಾರೆ. ನಾಲ್ಕು ವಾರದಿಂದ ಕಣ್ಣೆದುರಿಗೇ ಇದ್ದ ಪುರಾವೆ, ಪುರಾವೆ ಎಂದು ಬಡಬಡಿಸುವ ನನಗೇ ಕಂಡಿರಲಿಲ್ಲ.

ಇಬ್ಬರೂ ಮೆಟ್ಟಿಲು ಹಾರಿಕೊಂಡು ಇಳಿದೆವು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಸುತ್ತ ಅವನು ಮತ್ತು ನಾವು ಮನೆಯ ಮೂವರು, ಅಪ್ಪನ ಕೈಯಲ್ಲಿ ಚೀಟಿಗಳ ಪಟ್ಟಿ. ಅವನು ಪರದೆಯ ಮೇಲಿನ ಪಟ್ಟಿಯನ್ನು ಬಲಕ್ಕೆ ಸರಿಸಿದ. ಬಲಕ್ಕೆ! ಆ ಪಟ್ಟಿಗೆ ಬಲಗಡೆ ಇನ್ನೂ ಅಂಕಣಗಳಿವೆ ಎಂದು ನಾನು ನೋಡಿಯೇ ಇರಲಿಲ್ಲ. ಯಾವ ಸಾಧನ ಎಷ್ಟು ಒಳಗೆ ತರಿಸಿಕೊಂಡಿತು, ಎಷ್ಟು ಹೊರಗೆ ಕಳಿಸಿತು. ನಮ್ಮ ಒಂಬತ್ತೂ ತಿನ್ನುವ ಜಾತಿ: ಬೇಕಾದಷ್ಟು ತರಿಸಿಕೊಂಡಿದ್ದವು, ಕಳಿಸಿದ್ದು ಚೂರೇ ಚೂರು. ಆ ನಾಲ್ಕು ಪೂರಾ ಉಲ್ಟಾ. ತರಿಸಿಕೊಂಡದ್ದು ಇಲ್ಲವೆನ್ನುವಷ್ಟು, ಕಳಿಸುವುದು ಮಾತ್ರ ಬಿಡುವಿಲ್ಲದೆ, ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ, ನಾವು ನೋಡುತ್ತಿರುವಾಗಲೇ ಏರುತ್ತ.

"ಇದು ಮನಶ್ಯಾ ಅಲ್ಲ" ಅಂದೆ. "ಮನಶ್ಯಾ ಆದ್ರ ನೋಡ್ತಾನ, ಓದ್ತಾನ, ತರಿಸ್ಕೋತಾನ. ಇವು ಏನೂ ನೋಡೂದಿಲ್ಲ. ಬರೇ ತೋರಿಸ್ತಾವ."

"ಕ್ಯಾಮೆರಾ" ಎಂದು ಅವನೂ ಅಪ್ಪನೂ ಒಟ್ಟಿಗೇ ಅಂದರು.

ಬರಿಗಾಲಲ್ಲಿ ಗೇಟಿಗೆ ಓಡಿದೆ. ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಮ್ಯಾಚಿಂಗ್ ಸೆಂಟರ್: ರವಿಕೆ ಬಟ್ಟೆ, ಫಾಲ್, ಲೈನಿಂಗ್, ಅವ್ವನ ಕಸೂತಿಯ ದಾರ ಎಲ್ಲ ಸಿಗುವ ಅಂಗಡಿ. ಅದರ ಶಟರಿನ ಮೇಲೆ ಎರಡು ಬಿಳೀ ಕ್ಯಾಮೆರಾ, ಓಣಿಗೆ ಮತ್ತೊಂದು, ಒಳಗೆ ಗಲ್ಲಾದ ಮೇಲೆ ಇನ್ನೊಂದು: ನಾಲ್ಕು. ಅವನ್ನು ಕೂರಿಸಿದ ಒಂದು ತಿಂಗಳಿಂದ ದಿನಾ ಅವುಗಳ ಕೆಳಗೇ ಹಾದುಹೋಗಿದ್ದೆ. ಒಂದು ತಿಂಗಳು! ಅವ್ವನ ಸೂಜಿ ನಿಲ್ಲಲು ಶುರುವಾದದ್ದೂ ಆವಾಗಲೇ.

ಆದರೆ ಹೊಸ ಪಾಸ್‌ವರ್ಡ್ ಅವಕ್ಕೆ ಹೇಗೆ ಸಿಕ್ಕಿತು? ಒಳಗೆ ಬಂದಾಗ ಉತ್ತರ ಪರದೆಯ ಮೇಲೆ ಕಾಯುತ್ತಿತ್ತು. ಮೇಲಿನ ಮನೆಯವನು ಪಟ್ಟಿಯನ್ನು ಇನ್ನೂ ಬಲಕ್ಕೆ ಸರಿಸಿದ್ದ. ಕೊನೆಯ ಅಂಕಣದಲ್ಲಿ ಆ ನಾಲ್ಕರ ಎದುರು ಮಾತ್ರ ಬೇರೆ ಪದ: ಗೆಸ್ಟ್. ನಮ್ಮ ರೂಟರ್ ಒಂದಲ್ಲ, ಎರಡು ನೆಟ್‌ವರ್ಕ್ ಬಿತ್ತರಿಸುತ್ತಿತ್ತು. ಎರಡನೆಯದು ಅತಿಥಿಗಳದು, ಹೆಸರು ಕಂಪನಿಯವರು ಇಟ್ಟ ಅಂಕಿಗಳ ಸಾಲು, ಪಾಸ್‌ವರ್ಡ್ ಇಲ್ಲವೇ ಇಲ್ಲ. ನನ್ನ ಫೋನಿನ ಪಟ್ಟಿಯಲ್ಲಿ ಆ ಹೆಸರು ಎಷ್ಟೋ ಕಾಲದಿಂದ ಕಾಣುತ್ತಿತ್ತು. ಯಾರೋ ಪಕ್ಕದ ಮನೆಯವರದು, ಪಾಪ, ಬೀಗ ಹಾಕಲೂ ಬಾರದವರು ಎಂದುಕೊಂಡಿದ್ದೆ.

ಅಂದರೆ ಮಂಗಳವಾರ ನಾನು ಬೀಗ ಬದಲಿಸಿದ್ದು ಮುಂಬಾಗಿಲಿಗೆ. ಆ ನಾಲ್ಕು ಕಳಚಿರಲೇ ಇಲ್ಲ, ಮರಳಿ ಬರುವ ಮಾತೆಲ್ಲಿ? ಬದಲಿಸಿದ ಮೇಲೆ ಪಟ್ಟಿಯನ್ನು ಮತ್ತೊಮ್ಮೆ ನೋಡಿದ್ದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನೋಡದೆ ಗೆದ್ದೆ ಎಂದುಕೊಂಡು ತಿರುಗಿದೆ, ಮರುದಿನ ಹೋಗಿ ಅವ್ವನನ್ನು ಕಟಕಟೆಯಲ್ಲಿ ನಿಲ್ಲಿಸಿದೆ.

"ಈ ಗೆಸ್ಟ್ ಯಾರು ಹಚ್ಚಿದ್ದು?" ಅಂದೆ.

ಅಪ್ಪ ಕೈಯಲ್ಲಿದ್ದ ಪಟ್ಟಿಯ ಹಾಳೆಗಳನ್ನು ಜೋಡಿಸತೊಡಗಿದರು. ಅವು ಮೊದಲೇ ಜೋಡಿಸಿಯೇ ಇದ್ದವು.

"ಅಪ್ಪಾ."

"ಹೋದ ಶ್ರಾವಣಕ್ಕಿಂತ ಹಿಂದಿನ ಶ್ರಾವಣ" ಅಂದರು. ಕಾರ್ಖಾನೆಯ ಕನ್ನಡದ ಮನೆಗಳವರು ಶ್ರಾವಣದಲ್ಲಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಭಜನೆಗೆ ಸೇರುತ್ತೇವೆ. ಹಾಡುಗಳೆಲ್ಲ ಈಗ ಫೋನಿನಲ್ಲಿ. ಅವತ್ತು ನಮ್ಮಲ್ಲಿ ಮೂವತ್ತು ಜನ, ಎಲ್ಲರೂ ಬಾಗಿಲಲ್ಲೇ ಪಾಸ್‌ವರ್ಡ್ ಕೇಳುತ್ತಿದ್ದರು. "ಮನಿಗೆ ಬಂದವ್ರಿಗೆ ನೀರು-ಬೆಲ್ಲ ಕೊಡೂ ಮೊದಲ ಗುರುತು ಕೇಳ್ತಾರೇನು? ನನಗ ನಾಚಿಕಿ ಆತು. ಲೈನಿನಾಂವ ಅಲ್ಲೇ ಇದ್ದ, ಒಂದು ತೆರದ ಬಾಗಲಾ ಮಾಡಿಕೊಡಪಾ ಅಂದೆ. ಮುಚ್ಚೂದು ಮರತೆ."

"ಉಪ್ಪಿನಕಾಯಿಗೂ ಚೀಟಿ ಹಚ್ಚೂರು ಇದಕ್ಯಾಕ ಹಚ್ಚಲಿಲ್ಲ?"

"ಹಚ್ಚಬೇಕಿತ್ತು" ಅಂದರು ಅಪ್ಪ, ಅಷ್ಟೇ ಚುಟುಕಾಗಿ. ವಾದ ಬೆಳೆಸುವ ಆಸೆ ನನಗಿತ್ತು. ಬಂದವರು ಬೇರೆ, ಓಣಿಯಲ್ಲಿ ಹೋಗುವವರು ಬೇರೆ. ಯಾರೋ ನಮ್ಮ ಲೈನಿನಲ್ಲಿ ಕೂತು ಏನೋ ಮಾಡಿದರೆ ಪೊಲೀಸರು ಬರುವುದು ನಮ್ಮ ವಿಳಾಸಕ್ಕೆ. ರೂಟರಿನ ಒಳಪುಟದ ಪಾಸ್‌ವರ್ಡೂ ಅದರ ಬೆನ್ನಿನ ಚೀಟಿಯಲ್ಲಿದ್ದದ್ದೇ ಇತ್ತು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಎದುರುಪಕ್ಷ ಆಗಲೇ ಒಪ್ಪಿಕೊಂಡಿದ್ದರಿಂದ ಸ್ವಲ್ಪ ನಿರಾಸೆಯೇ ಆಯಿತು.

ಮೌಸನ್ನು ಗೆಸ್ಟ್ ಮುಚ್ಚುವ ಗುಂಡಿಯ ಮೇಲೆ ಒಯ್ದಿದ್ದೆ. "ತಡಿ" ಅಂದಳು ಅವ್ವ. ಬುಧವಾರದಿಂದ ನನ್ನೊಡನೆ ಅವಳ ಮೊದಲ ಮಾತು. "ಅಂಗಡಿಯಾಂವಗ ಹೇಳಿ ಆಮ್ಯಾಲೆ ಮುಚ್ಚು. ಮಂದಿ ಕಣ್ಣು ಹೇಳದ ಕೇಳದ ಮುಚ್ಚಬಾರದು."

ಶುಕ್ರವಾರ ಅಂಗಡಿ ತೆರೆಯುತ್ತಲೇ ಮೂವರೂ ಹೋದೆವು. ಅಂಗಡಿಯ ಚಾಚಾ ಹಳೇ ಹೈದರಾಬಾದಿನವರು, ಅವ್ವನಿಗೆ ದಾರದ ಬಣ್ಣ ಬಿಸಿಲಿಗೆ ಹಿಡಿದು ತೋರಿಸದೆ ಕೊಟ್ಟವರಲ್ಲ. ಕ್ಯಾಮೆರಾಗಳಿಗೆ ನೆಟ್ ಎಲ್ಲಿಂದ ಬರುತ್ತದೆ ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ. ಪ್ರಶ್ನೆಯೊಳಗೆ ಈ ಸಲ ಏನನ್ನೂ ಅಡಗಿಸಿರಲಿಲ್ಲ.

"ಹವಾ ಮೇಂ ಸೇ ಆತಾ ಬೇಟಾ. ಫಿಟ್ಟಿಂಗ್‌ವಾಲಾ ವೈಸಾಚ್ ಬೋಲಾ."

ಗಾಳಿಯಿಂದ ಬರುತ್ತದೆ ಎಂದು ಕ್ಯಾಮೆರಾ ಕೂರಿಸಿದವನು ಹೇಳಿಹೋಗಿದ್ದ. ತಪ್ಪೇನಲ್ಲ, ಗಾಳಿಯಲ್ಲೇ ಬರುತ್ತಿತ್ತು. ಯಾರ ಮನೆಯ ಗಾಳಿ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅಪ್ಪ ನಿಧಾನವಾಗಿ ವಿವರಿಸಿದರು. ಚಾಚಾ ಕೈಯಲ್ಲಿದ್ದ ಬಟ್ಟೆಯ ಥಾನು ಕೆಳಗಿಟ್ಟರು. ಅವ್ವನ ಕಡೆ ತಿರುಗಿ, "ಇಸ್ಕೇ ವಾಸ್ತೇ ಆಪ್‌ಕಾ ಕ್ಲಾಸ್ ರುಕ್ ರಹಾ ಥಾ, ಅಮ್ಮಾ?" ಅಂದರು, ಇದಕ್ಕೇನಾ ಕ್ಲಾಸ್ ನಿಲ್ಲುತ್ತಿದ್ದದ್ದು ಎಂದು. ಆಮೇಲೆ ನನಗೆ: "ಅಬ್ಬೀಚ್ ಬಂದ್ ಕರೋ. ದೂಸ್ರೋಂ ಕೇ ಘರ್ ಕಾ ಅಪನ್ ಕು ನಕ್ಕೋ." ಬೇರೆಯವರ ಮನೆಯದು ತಮಗೆ ಬೇಡ, ಈಗಲೇ ಮುಚ್ಚು ಎಂದರು. ಅವತ್ತೇ ತಮ್ಮದೇ ಲೈನಿಗೆ ಹೇಳುವುದಾಗಿ, ಆ ಫಿಟ್ಟಿಂಗ್‌ನವನನ್ನು ಕರೆಸಿ ಮಾತಾಡುವುದಾಗಿಯೂ ಹೇಳಿದರು. ಮಾತು ಯಾವ ತರಹದ್ದು ಎಂದು ಅವರ ಹುಬ್ಬು ಹೇಳುತ್ತಿತ್ತು.

ಅಪ್ಪ ಅಂಗಡಿಯ ಕ್ಯಾಮೆರಾ ಟಿವಿಯ ಮುಂದೆ ಫೋನು ಹಿಡಿದು ನಿಂತರು. ನಾನು ಮನೆಗೆ ಓಡಿ ಲ್ಯಾಪ್‌ಟಾಪಿನ ಮುಂದೆ ಕೂತೆ. "ಮುಚ್ಚಲೇನ್ರಿ?"

"ಮುಚ್ಚು."

ಒತ್ತಿದೆ. ಫೋನಿನಲ್ಲಿ ಬರೀ ಫ್ಯಾನಿನ ಸದ್ದು. ಆಮೇಲೆ ಅಪ್ಪನ ದನಿ, ಕ್ರಿಕೆಟ್ ಕಾಮೆಂಟರಿ ಹೇಳುವವರ ಹಾಗೆ: "ಓಣಿ ಹೋತು... ಗಲ್ಲಾ ಹೋತು... ಶಟರ್ ಒಂದು... ನಾಲ್ಕೂ ಹೋದ್ವು!" ಹಿಂದೆ ಚಾಚಾ "ವಾಹ್" ಅನ್ನುತ್ತಿದ್ದರು, ತಮ್ಮದೇ ಕ್ಯಾಮೆರಾ ಕುರುಡಾದದ್ದಕ್ಕೆ.

ಆ ಹುರುಪಿನಲ್ಲೇ ಉಳಿದದ್ದನ್ನೆಲ್ಲ ಮಾಡಿದೆ. ರೂಟರಿನ ಒಳಪುಟಕ್ಕೆ ಬೇರೆಯದೇ ಪಾಸ್‌ವರ್ಡ್, ಕಂಪನಿ ಕಳಿಸಿಟ್ಟು ಯಾರೂ ಹಾಕಿಕೊಳ್ಳದಿದ್ದ ಅಪ್‌ಡೇಟ್, ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡುವ ಸೌಲಭ್ಯ ಬಂದ್. ಅತಿಥಿ ನೆಟ್‌ವರ್ಕಿನ ಬಗ್ಗೆ ಅಪ್ಪನ ಜೊತೆ ಒಪ್ಪಂದವಾಯಿತು: ಭಜನೆಯ ದಿನ ತೆರೆಯುವುದು, ಅದಕ್ಕೂ ಒಂದು ಪಾಸ್‌ವರ್ಡ್, ದೊಡ್ಡದಾಗಿ ಬರೆದು ತಂಬಿಗೆಯ ಪಕ್ಕ ಇಡುವುದು, ಮಂಗಳಾರತಿಯಾದ ಮೇಲೆ ಮುಚ್ಚುವುದು. ನಂತರ ಪಟ್ಟಿ ತೆರೆದು, ಈ ಸಲ ಕೊನೆಯ ಅಂಕಣದವರೆಗೂ ಸರಿಸಿ, ಜೋರಾಗಿ ಓದಿದೆ. ಅಪ್ಪ ಒಂದೊಂದಕ್ಕೂ ಗುರುತು ಹಾಕಿದರು. ಒಂಬತ್ತು.

ಆದರೂ ಶನಿವಾರ ಬೆಳಿಗ್ಗೆ ಪಟ್ಟಿಯನ್ನು ಮತ್ತೆರಡು ಸಲ ತೆರೆದು ನೋಡಿದೆ. ಪಟ್ಟಿ ಸರಿಯಿದ್ದರೆ ಕ್ಲಾಸ್ ಸರಿಹೋಗುತ್ತದೆ ಎಂಬುದೂ ಇನ್ನೂ ಒಂದು ವಾದವೇ ತಾನೆ? ಅವ್ವ ಇಸ್ತ್ರಿ ಸೀರೆ ಉಟ್ಟು ಕೂತಳು. ಅವಳು ಕರೆಯದಿದ್ದರೂ ಪಕ್ಕದಲ್ಲಿ ಕುಳಿತು, "ಬುಧವಾರ ನಾ ಹಂಗ ಕೇಳಬಾರದಿತ್ತು" ಅಂದೆ.

"ಕೇಳಿದ್ದು ತಪ್ಪಲ್ಲ. ಉತ್ತರ ಬರೂ ಮೊದಲ ಮಾರಿ ಗಂಟ ಹಾಕ್ಕೊಂಡಿದ್ದ್ಯಲ್ಲ, ಅದು ತಪ್ಪು. ಸರಿ ಆ ಕಡೆ, ಟ್ಯಾಬ್‌ನ್ಯಾಗ ನಿನ್ನ ಮೊಣಕೈ ಕಾಣಾಕತ್ತೈತಿ."

ಒಳಕೋಣೆಗೆ ಹೋಗಿ ಫೋನು ತೆರೆದೆ. ಹನ್ನೊಂದು ಜನರೂ ಬಂದಿದ್ದರು. ಅವ್ವನ ಕೈ ಪರದೆ ತುಂಬ. ಸೂಜಿ ಇಳಿಯಿತು. ಮೇಲೆ ಬಂತು. ಇಳಿಯಿತು, ಮೇಲೆ ಬಂತು. ಸಾಲಿನ ಕೊನೆ ಮುಟ್ಟಿ ತಿರುಗಿತು, ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಿತು. ನಾನು ಎಣಿಸುತ್ತಿದ್ದೆ. ಒಂದು ಎಳೆಯೂ ತಪ್ಪದೆ ಮರಳಿ ಶುರುವಾದಲ್ಲಿಗೇ ಬಂತು.

ಯಾರೂ ಮಾತಾಡಲಿಲ್ಲ. ಮತ್ತೆ ನಿಂತಿತೇನೋ ಎಂದು ಫೋನನ್ನು ಕಣ್ಣ ಹತ್ತಿರ ಹಿಡಿದೆ. ಅಷ್ಟರಲ್ಲಿ, ವಾರದ ಹಿಂದೆ ಆ ಸಂದೇಶ ಬರೆದಿದ್ದ ಹೆಂಗಸೇ ಮಾತಾಡಿದಳು.

"ಟೀಚರ್, ವಾಪಸ್ ಬರುವಾಗ ದಾರನ ಕಿರುಬೆರಳಲ್ಲಿ ಆ ಕಡೆ ಎಳೆದು ಹಿಡ್ಕೊತೀರಲ್ಲ, ಅದನ್ನ ಹೇಳೇ ಇರಲಿಲ್ಲ ನೀವು. ನಂದು ಅಲ್ಲೇ ಸಿಕ್ಕಾಗ್ತಿತ್ತು."

"ಎಲ್ಲೆ? ನಾ ಎಲ್ಲೆ ಹಿಡೀತೀನಿ?"

"ಈಗ ಹಿಡಿದ್ರಲ್ಲ ಟೀಚರ್, ನಾವೆಲ್ಲ ನೋಡಿದ್ವಿ" ಎಂದು ಇನ್ನೂ ಮೂವರು ಒಟ್ಟಿಗೇ ಅಂದರು.

ಅವ್ವ ಮತ್ತೆ ನಾಲ್ಕು ಹೊಲಿಗೆ ಹಾಕಿದಳು, ತನ್ನ ಕೈಯನ್ನೇ ಬೇರೆ ಯಾರದೋ ಕೈ ಎಂಬಂತೆ ನೋಡುತ್ತ. ಕಿರುಬೆರಳು ತಾನಾಗಿಯೇ ಚಾಚಿ, ದಾರ ಸರಿಸಿ, ಸೂಜಿಗೆ ದಾರಿ ಬಿಟ್ಟುಕೊಟ್ಟಿತು.

"ಅಯ್ಯ, ಹೌದಲ್ಲ" ಅಂದಳು. "ಇದು ನನಗಾ ಗೊತ್ತಿರಲಿಲ್ಲ ನೋಡ್ರಿ. ತಡೀರಿ, ಇನ್ನೊಮ್ಮೆ ಸಾವಕಾಶ ತೋರಿಸ್ತೀನಿ."